ಬಾಳ್ವೆ ಕೋಪರಿಯಲ್ಲಿ, ಓಟು ಊರಲ್ಲಿ

ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಉಡುಪಿಯ ರಾಜಕೀಯ ಶುರುವಾಗುತ್ತದೆ. ಆಸ್ಕರ್ ಫರ್ನಾಂಡಿಸ್ ಸತತ ಐದು ಸಲ ಗೆದ್ದದ್ದು, 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆ ಗೆದ್ದದ್ದು, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ ಗೆದ್ದದ್ದು... ಎಲ್ಲಾ ಬಾಯಿಪಾಠ. ಅದೇ ಜನರನ್ನು, ನಮ್ಮ ಠಾಣೆಯಿಂದ 1996ರ ನಂತರ ಸತತ ನಾಲ್ಕು ಸಲ ಲೋಕಸಭೆಗೆ ಹೋದವರು ಯಾರು ಅಂತ ಕೇಳಿ ನೋಡಿ. ಮುಖ ಮುಖ ನೋಡಿಕೊಳ್ಳುತ್ತಾರೆ. (ಶಿವಸೇನೆಯ ಪ್ರಕಾಶ್ ಪರಾಂಜಪೆ.)

ಕೋಪರಿಯಲ್ಲಿ ಮನೆ, ಸಾಲದ ಕಂತು ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಬೆಳಿಗ್ಗೆ ಲೋಕಲ್‌ನಲ್ಲಿ ನೇತಾಡುವುದೂ ಇಲ್ಲೇ. ಓಟು ಮಾತ್ರ ಊರಿನ ಶಾಲೆಯ ಬೂತ್‌ನಲ್ಲಿ! ಇದು ಸರಿಯಲ್ಲ ಅಂತ ನಾನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ನನ್ನ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಂಡು ಕಾಲವಾಯಿತು.

ನೋಡಿ, ಈ ಕ್ಷೇತ್ರದ ಚರಿತ್ರೆ ಸಣ್ಣದೇನಲ್ಲ. 1977 ಮತ್ತು 1980ರಲ್ಲಿ ಗೆದ್ದವರು ರಾಮಭಾವು ಮ್ಹಾಳ್ಗಿ. ತಾನು ಮಾಡಿದ ಕೆಲಸದ ವಾರ್ಷಿಕ ವರದಿಯನ್ನು ಮತದಾರರ ಮುಂದಿಡುತ್ತಿದ್ದ ಮನುಷ್ಯ. ಬ್ಯಾಂಕಿನವನಾದ ನನಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದು ಕಾಣುವುದಿಲ್ಲ. ಷೇರುದಾರರಿಗೆ ಬ್ಯಾಲೆನ್ಸ್ ಶೀಟ್ ಕೊಡಬೇಕು, ಮತದಾರನಿಗೆ ಬೇಡವೇ? 1982ರಲ್ಲಿ ಅವರು ತೀರಿಕೊಂಡರು. 1984ರಲ್ಲಿ ಕಾಂಗ್ರೆಸ್ಸಿನ ಶಾಂತಾರಾಮ್ ಘೋಲಪ್, 1989 ಮತ್ತು 91ರಲ್ಲಿ ಬಿಜೆಪಿಯ ರಾಮ್ ಕಾಪ್ಸೆ. 1996ರಲ್ಲಿ ಬಿಜೆಪಿ ಈ ಕ್ಷೇತ್ರವನ್ನು ಶಿವಸೇನೆಗೆ ಬಿಟ್ಟುಕೊಟ್ಟ ಮೇಲೆ ಪರಾಂಜಪೆ. 2008ರಲ್ಲಿ ಅವರು ತೀರಿಕೊಂಡಾಗ ಉಪಚುನಾವಣೆಯಲ್ಲಿ ಮಗ ಆನಂದ್ ಗೆದ್ದರು.

ಆಮೇಲೆ ಗೆರೆಗಳೇ ಬದಲಾದವು. ಹಳೆಯ ಠಾಣೆ ಕ್ಷೇತ್ರ ದೇಶದ ಅತಿ ದೊಡ್ಡ ಕ್ಷೇತ್ರಗಳಲ್ಲಿ ಒಂದಾಗಿತ್ತು. 2009ಕ್ಕೆ ಅದನ್ನು ಒಡೆದರು. ಡೊಂಬಿವಲಿಯ ನಮ್ಮ ಜನ ಕಲ್ಯಾಣ ಕ್ಷೇತ್ರಕ್ಕೆ ಹೋದರು. ನಾವು ಐರೋಳಿ, ಬೇಲಾಪುರ, ಮೀರಾ-ಭಾಯಂದರ್‌ನವರ ಜೊತೆ ಠಾಣೆಯಲ್ಲಿ ಉಳಿದೆವು. ಕೋಪರಿ-ಪಾಚಪಾಖಾಡಿ ಅಂತ ಹೊಸ ವಿಧಾನಸಭಾ ಕ್ಷೇತ್ರವೂ ಆಯಿತು. ಅಲ್ಲಿಂದ 2009ರಿಂದ ಗೆಲ್ಲುತ್ತಾ ಬಂದ ಏಕನಾಥ್ ಶಿಂಧೆ 2022ರಲ್ಲಿ ಮುಖ್ಯಮಂತ್ರಿಯಾದರು. ವರ್ಷಗಟ್ಟಲೆ ಪ್ರಾಣ ತಿಂದ ಕೋಪರಿ ರೈಲ್ವೆ ಮೇಲ್ಸೇತುವೆಯ ಅಗಲೀಕರಣ ಮುಗಿದದ್ದು 2023ರಲ್ಲಿ. ಊರಿನ ಓಟಿಗೂ ಈ ಸೇತುವೆಗೂ ಏನು ಸಂಬಂಧ ಹೇಳಿ?

"ನಮ್ಮ ಒಂದು ಓಟಿನಿಂದ ಏನಾಗುತ್ತೆ ಮಾರಾಯ್ರೆ?" ಅನ್ನುವವರಿಗೆ 2009ನ್ನು ನೆನಪಿಸುತ್ತೇನೆ. ಎನ್‌ಸಿಪಿಯ ಸಂಜೀವ್ ನಾಯಕ್ ಶಿವಸೇನೆಯನ್ನು ಸೋಲಿಸಿದ್ದು ಸುಮಾರು 49 ಸಾವಿರ ಮತಗಳಿಂದ. ಎಂಎನ್‌ಎಸ್ ತೆಗೆದುಕೊಂಡದ್ದು 1 ಲಕ್ಷ 30 ಸಾವಿರಕ್ಕೂ ಹೆಚ್ಚು. ಪರಪ್ರಾಂತದವರ ವಿರುದ್ಧ ಗಲಾಟೆ ಎಬ್ಬಿಸಿದ್ದ ಪಕ್ಷ ಅದು. ಅಂಥ ಹೊತ್ತಲ್ಲೂ ನಮ್ಮಲ್ಲಿ ಎಷ್ಟೋ ಜನರ ಹೆಸರು ಇಲ್ಲಿನ ಪಟ್ಟಿಯಲ್ಲೇ ಇರಲಿಲ್ಲ. ಲೆಕ್ಕಕ್ಕೇ ಸಿಗದವರ ಮಾತನ್ನು ಯಾವ ಪಕ್ಷ ಕೇಳುತ್ತದೆ?

ಇನ್ನು 2024. ಉಡುಪಿಯಲ್ಲಿ ಏಪ್ರಿಲ್ 26ರಂದು ಮತದಾನ, ಶೇಕಡಾ 77ರಷ್ಟು. ಠಾಣೆಯಲ್ಲಿ ಮೇ 20, ಸೋಮವಾರ, ಶೇಕಡಾ 52ರಷ್ಟು. ರಜೆಯ ಕಾಲ, ಅರ್ಧ ಬಿಲ್ಡಿಂಗ್ ಊರಲ್ಲಿ. ಶಿಂಧೆ ಬಣದ ನರೇಶ್ ಮ್ಹಸ್ಕೆ, ಎರಡು ಸಲ ಸಂಸದರಾಗಿದ್ದ ಉದ್ಧವ್ ಬಣದ ರಾಜನ್ ವಿಚಾರೆಯವರನ್ನು 2 ಲಕ್ಷ 17 ಸಾವಿರ ಮತಗಳಿಂದ ಸೋಲಿಸಿದರು. ಅಂತರ ದೊಡ್ಡದೇ. ಆದರೆ 25 ಲಕ್ಷ ಮತದಾರರ ಕ್ಷೇತ್ರದಲ್ಲಿ ಮನೆಯಲ್ಲಿ ಕೂತವರು ಅದರ ಎಷ್ಟು ಪಟ್ಟು ಅಂತ ನೀವೇ ಗುಣಿಸಿ.

ಊರಿನ ಮೇಲಿನ ಪ್ರೀತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೋಲಕ್ಕೆ ಹೋಗಿ, ತೇರಿಗೆ ಹೋಗಿ. ಆದರೆ ಆ ಊರಿಗೆ ಹೋಗುವ ಮತ್ಸ್ಯಗಂಧದಲ್ಲಿ ಸೀಟು ಸಿಗುವುದಿಲ್ಲ ಅಂತ ಗೊಣಗುವುದಾದರೆ, ಅದು ನಿಲ್ಲುವ ಠಾಣೆ ಸ್ಟೇಷನ್ನಿನ ಸಂಸದರನ್ನೂ ಕೇಳುವ ಹಕ್ಕಿರಬೇಕಲ್ಲ.

ಎರಡೂ ಕಡೆ ಹೆಸರು ಇಟ್ಟುಕೊಂಡವರೂ ಇದ್ದಾರೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಅದಕ್ಕೆ ಒಪ್ಪುವುದಿಲ್ಲ. ಈಗ ಫಾರ್ಮ್ 8 ಒಂದೇ ಸಾಕು, ಜೊತೆಗೆ ಇಲ್ಲಿನ ಲೈಟ್ ಬಿಲ್ಲೋ ಪಾಸ್‌ಬುಕ್ಕೋ ಕೊಟ್ಟರಾಯಿತು. ಊರಿನ ಪಟ್ಟಿಯಿಂದ ಹೆಸರು ತೆಗೆಸಿದರೆ ಜಾಗದ ಆರ್‌ಟಿಸಿಯಿಂದಲೂ ಹೋಗುತ್ತದೆ ಅಂತ ಹೆದರುವ ಹಿರಿಯರನ್ನು ಕಂಡಿದ್ದೇನೆ. ಹಾಗೇನೂ ಆಗುವುದಿಲ್ಲ. ಆರ್‌ಟಿಸಿ ಕಂದಾಯ ಇಲಾಖೆಯ ಭೂದಾಖಲೆ, ಮತದಾರರ ಪಟ್ಟಿ ಚುನಾವಣಾ ಆಯೋಗದ್ದು. ನಿಮ್ಮ ತೋಟ ನಿಮ್ಮ ಹೆಸರಲ್ಲೇ ಇರುತ್ತದೆ.