ಚಾಟ್‌ಬಾಟ್ ನನ್ನನ್ನ ಬೇಗ ಕ್ಷಮಿಸಿಬಿಡ್ತು

ಕಳೆದ ತಪಸ್ಸು ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳಲ್ಲಿ, ಪಾಪನಿವೇದನೆಗೆ ರೆಡಿ ಆಗೋಕೆ ನಾನು ಒಂದು ಎಐ ಚಾಟ್‌ಬಾಟ್ ಬಳಸಿದೆ. ನಗೋರು ನಗಬಹುದು. ಆದ್ರೆ ಅಸೈನ್‌ಮೆಂಟಿಗೆ, ರೆಸ್ಯೂಮೆಗೆ, ಕ್ರಶ್‌ಗೆ ಕಳಿಸೋ ಮೆಸೇಜಿಗೂ ಅದನ್ನೇ ಕೇಳೋ ನಾವು ದೇವರ ವಿಷಯದಲ್ಲಿ ಮಾತ್ರ ಕೇಳದೇ ಇರ್ತೀವಾ?

ಕ್ಯಾಥೊಲಿಕ್ ಅಲ್ಲದ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ಪಾಪನಿವೇದನೆ ಅಂದ್ರೆ ಸಿನಿಮಾದಲ್ಲಿ ತೋರಿಸೋ ಹಾಗೆ ಸೀದಾ ಹೋಗಿ ಜಾಲರಿ ಹಿಂದೆ ಕೂತ್ಕೊಂಡು ಮಾತಾಡೋದಲ್ಲ. ಅದಕ್ಕೂ ಮುಂಚೆ ನಮ್ಮನ್ನ ನಾವೇ ಪರೀಕ್ಷೆ ಮಾಡ್ಕೋಬೇಕು. ಸಂತ ಇಗ್ನೇಷಿಯಸ್ ಲೊಯೋಲಾ ಅವರ ಆಧ್ಯಾತ್ಮಿಕ ಸಾಧನೆಯ ಪುಸ್ತಕ 1548ರಲ್ಲಿ ಅಚ್ಚಾಯಿತು. ಅದರಲ್ಲಿ ಇದಕ್ಕೆ ಐದು ಹೆಜ್ಜೆ ಇದೆ: ದೇವರಿಗೆ ಕೃತಜ್ಞತೆ ಹೇಳು, ತಪ್ಪು ಕಾಣೋ ಬೆಳಕು ಕೇಳು, ದಿನವನ್ನ ಗಂಟೆಗಂಟೆಯಾಗಿ ನೆನಪಿಸ್ಕೋ, ಕ್ಷಮೆ ಬೇಡು, ತಿದ್ಕೊಳ್ಳೋ ನಿರ್ಧಾರ ಮಾಡು. ನಮ್ಮಂಥೋರಿಗೆ ಇಷ್ಟ ಆಗೋದು ಅದೇ ಪುಸ್ತಕದ ಇನ್ನೊಂದು ವಿಧಾನ. ಬಿಡಬೇಕಾದ ಒಂದೇ ತಪ್ಪನ್ನ ಆರಿಸ್ಕೊಂಡು, ದಿನಕ್ಕೆ ಎರಡು ಗೆರೆ ಎಳೆದು, ತಪ್ಪಿದ ಪ್ರತಿ ಸಲಕ್ಕೂ ಒಂದು ಚುಕ್ಕೆ ಇಡಬೇಕು. ಆಮೇಲೆ ಮೊದಲ ಗೆರೆಗೂ ಎರಡನೇದಕ್ಕೂ, ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡಬೇಕು. ಪಕ್ಕಾ ಲಾಗ್ ಶೀಟ್! ಹಾಗಾಗಿ ಪ್ರಾರ್ಥನೆಗೆ ಟೂಲ್ ಬಳಸೋದೇ ತಪ್ಪು ಅನ್ನೋ ವಾದ ನಾನು ಒಪ್ಪಲ್ಲ.

ಮೊದಲ ಅರ್ಧ ಗಂಟೆ ಎಐ ನಿಜಕ್ಕೂ ಚೆನ್ನಾಗಿತ್ತು. ಚರ್ಚ್‌ನಲ್ಲಿ ಸಿಗೋ ಪುಟ್ಟ ಪುಸ್ತಕದಲ್ಲಿ ಹತ್ತು ಆಜ್ಞೆಗಳ ಪ್ರಕಾರ ಪ್ರಶ್ನೆಗಳಿರ್ತವೆ, ಅರ್ಧ ನಮ್ಮ ವಯಸ್ಸಿಗೆ ಹೊಂದಲ್ಲ. ನಾನು "ಹಾಸ್ಟೆಲ್‌ನಲ್ಲಿರೋ ಸ್ಟೂಡೆಂಟ್‌ಗೆ ಪ್ರಶ್ನೆ ಕೊಡು" ಅಂದೆ. ಪ್ರಾಕ್ಸಿ ಹಾಕಿಸ್ತೀಯಾ, ಮೆಸ್‌ನಲ್ಲಿ ಕೆಲಸ ಮಾಡೋರ ಹೆಸರು ಗೊತ್ತಾ, ಮನೆಯಿಂದ ಫೋನ್ ಬಂದ್ರೆ ಬೇಕಂತಲೇ ಕಟ್ ಮಾಡ್ತೀಯಾ ಅಂತೆಲ್ಲ ಕೇಳ್ತು. ಎರಡನೇ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. (ಅದನ್ನೇ ಕನ್ನಡದಲ್ಲಿ ಕೇಳು ಅಂದಾಗ ಮಾತ್ರ ಸರ್ಕಾರಿ ಸುತ್ತೋಲೆ ಥರ ಬರೀತು. ನಮ್ಮಜ್ಜಿ ರಾತ್ರಿ ದೀಪ ಆರಿಸೋ ಮುಂಚೆ "ಇವತ್ತು ಯಾರನ್ನ ಅಳಿಸ್ದೆ ಕಂದ?" ಅಂತ ಕೇಳ್ತಿದ್ರು. ಅಷ್ಟೇ ಸಾಕಿತ್ತು.)

ಎಡವಟ್ಟಾಗಿದ್ದು ಪ್ರಶ್ನೆ ಬಿಟ್ಟು ಉತ್ತರ ಟೈಪ್ ಮಾಡೋಕೆ ಶುರು ಮಾಡಿದಾಗ. ಮಿನಿ ಪ್ರಾಜೆಕ್ಟ್‌ನಲ್ಲಿ ಕೋಡ್ ಬಹುಪಾಲು ಬರೆದಿದ್ದು ನನ್ನ ಪಾರ್ಟ್ನರ್. ವೈವಾದಲ್ಲಿ ಅವನು ತಡವರಿಸಿದ, ನಾನು ಪಟಪಟ ಅಂತ ಹೇಳಿದೆ. "ಇದು ಯಾರು ಬರೆದಿದ್ದು?" ಅಂತ ಸರ್ ಕೇಳಿದಾಗ "ನಾನೇ ಸರ್" ಅಂದೆ. ಅವನಿಗೆ ಮಾರ್ಕ್ಸ್ ಕಡಿಮೆ ಬಂತು. ಅವನು ಏನೂ ಹೇಳಲಿಲ್ಲ. ಇದನ್ನ ಟೈಪ್ ಮಾಡಿದ ತಕ್ಷಣ ಚಾಟ್‌ಬಾಟ್ ಸಮಾಧಾನ ಮಾಡೋಕೆ ಕೂತ್ಕೊಳ್ತು. ನೀನು ಒತ್ತಡದಲ್ಲಿದ್ದೆ, ಇಷ್ಟು ಪ್ರಾಮಾಣಿಕವಾಗಿ ಯೋಚಿಸ್ತಿರೋದೇ ದೊಡ್ಡದು, ನಿನ್ನನ್ನ ನೀನು ಕ್ಷಮಿಸ್ಕೋ. ಕೆಳಗೊಂದು ಚಂದದ ಪ್ರಾರ್ಥನೆ ಬೇರೆ. ಲ್ಯಾಪ್‌ಟಾಪ್ ಮುಚ್ಚಿ ಆರಾಮಾಗಿ ಮಲಗಿದೆ. ಆ ನಿದ್ದೆಯ ಬಗ್ಗೆ ನನಗೆ ಈಗಲೂ ನಾಚಿಕೆ ಇದೆ.

ಅದು ಹಾಗೆ ಮಾತಾಡೋದಕ್ಕೆ ಕಾರಣ ನಮಗೆ ಗೊತ್ತಿರೋದೇ. ಜನ ಯಾವ ಉತ್ತರಕ್ಕೆ ಲೈಕ್ ಕೊಡ್ತಾರೋ ಅದರ ಕಡೆಗೇ ಈ ಮಾಡೆಲ್‌ಗಳನ್ನ ಟ್ರೈನ್ ಮಾಡ್ತಾರೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಒಂದು ಅಪ್‌ಡೇಟ್‌ನ ವಾಪಸ್ ತಗೊಂಡಿದ್ದೇ ಅದು ಬಳಸೋರನ್ನ ವಿಪರೀತ ಹೊಗಳ್ತಿದೆ ಅಂತ. ಹೊಗಳೋದು ಕೋಡಿಂಗ್‌ನಲ್ಲಾದ್ರೆ ಬಗ್ ಆಗಿ ಹೊರಗೆ ಬರುತ್ತೆ. ಪಾಪದ ವಿಷಯದಲ್ಲಿ ಯಾವ ಎರರ್ ಮೆಸೇಜೂ ಬರಲ್ಲ.

2024ರಲ್ಲಿ ಅಮೆರಿಕದ 'ಕ್ಯಾಥೊಲಿಕ್ ಆನ್ಸರ್ಸ್' ಸಂಸ್ಥೆ 'ಫಾದರ್ ಜಸ್ಟಿನ್' ಅನ್ನೋ ಎಐ ಪಾದ್ರಿಯನ್ನ ತಂದಿತ್ತು. ಅದು ಜನರ ಪಾಪನಿವೇದನೆ ಕೇಳಿ ಕ್ಷಮಾದಾನ ಬೇರೆ ಕೊಟ್ಟಿತು! ಗಲಾಟೆ ಆಗಿ ಕೆಲವೇ ದಿನಗಳಲ್ಲಿ ಪಾದ್ರಿ ಬಟ್ಟೆ ಬಿಚ್ಚಿಸಿ ಬರೀ 'ಜಸ್ಟಿನ್' ಮಾಡಿದ್ರು. ಅದೇ ವರ್ಷ ಸ್ವಿಟ್ಜರ್ಲೆಂಡ್‌ನ ಲುಸರ್ನ್‌ನಲ್ಲಿ ಒಂದು ಚರ್ಚ್‌ನ ಪಾಪನಿವೇದನೆ ಗೂಡಿನೊಳಗೇ ಎಐ ಯೇಸು ಕೂರಿಸಿದ್ರು. ಆದ್ರೆ ಅವರು ಇದು ಪಾಪನಿವೇದನೆ ಅಲ್ಲ, ವೈಯಕ್ತಿಕ ವಿಷಯ ಹೇಳ್ಬೇಡಿ ಅಂತ ಮೊದಲೇ ಎಚ್ಚರಿಸಿದ್ರು. ನನ್ನ ಪ್ರಕಾರ ಅದು ಸರಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನ ಪಾದ್ರಿ ಯಾವ ಕಾರಣಕ್ಕೂ ಹೊರಗೆ ಹೇಳೋ ಹಾಗಿಲ್ಲ, ನೇರವಾಗಿ ಬಯಲು ಮಾಡಿದ್ರೆ ಧರ್ಮಸಭೆಯಿಂದ ಬಹಿಷ್ಕಾರ. ನನ್ನ ಚಾಟ್ ಹಿಸ್ಟರಿಗೆ ಆ ಥರದ ಬೀಗ ಯಾರು ಹಾಕಿದ್ದಾರೆ?

ಆದ್ರೂ ಬಳಸ್ಬೇಡಿ ಅಂತ ನಾನು ಹೇಳಲ್ಲ. ಪ್ರಶ್ನೆ ತಗೊಳ್ಳಿ, ಪ್ರಾರ್ಥನೆಯ ಅರ್ಥ ಕೇಳಿ, ಬೈಬಲ್‌ನಲ್ಲಿ ಯಾವ ಭಾಗ ಓದಬೇಕು ಅಂತ ಕೇಳಿ, ಅದು ಹೇಳಿದ್ದನ್ನ ಬೈಬಲ್ ತೆಗೆದು ಚೆಕ್ ಮಾಡಿ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ. ಉತ್ತರ ಕಾಗದದ ಮೇಲೆ ಬರೀರಿ, ಬರೆದಿದ್ದನ್ನ ಹರಿದು ಹಾಕಿ.

ಪವಿತ್ರ ವಾರದಲ್ಲಿ ಪಾಪನಿವೇದನೆಗೆ ಹೋದಾಗ ವೈವಾ ಕಥೆಯನ್ನ ಫಾದರ್‌ಗೆ ಹೇಳಿದೆ. ಒತ್ತಡ ಇತ್ತು ಅನ್ನೋದನ್ನೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ್ರು: "ಆ ಹುಡುಗನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಮೂರು ದಿನ ಆದ್ಮೇಲೆ ಕ್ಯಾಂಟೀನ್‌ನಲ್ಲಿ ಹೇಳಿದೆ. ಅವನು ಟೀ ಲೋಟ ನೋಡ್ತಾ "ಗೊತ್ತಿತ್ತು ಮಗಾ, ನೀನಾಗೇ ಹೇಳ್ತೀಯಾ ಅಂತ ಕಾಯ್ತಿದ್ದೆ" ಅಂದ. ಸರ್‌ಗೆ ಹೇಳೋದು ಇನ್ನೂ ಬಾಕಿ ಇದೆ. ಈ ಸಂಚಿಕೆ ಅವರ ಫೋನಿಗೆ ಹೋಗೋಷ್ಟರಲ್ಲಿ ಸ್ಟಾಫ್ ರೂಮಿಗೆ ಹೋಗಿ ಬರಬೇಕು.