ಬರೆದಿಡದ ಬದಲಾವಣೆ

ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ನೆಲದಡಿಯ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ಬುಡದ ಹತ್ತಿರ ವಾಲ್ವು ಹುಗಿದಿದೆ ಎಂಬುದು ಹೆಚ್ಚಾಗಿ ಅದನ್ನು ಹಾಕಿಸಿದ ಯಜಮಾನರಿಗೆ ಮಾತ್ರ ಗೊತ್ತಿರುತ್ತದೆ. ಅವರ ಕಾಲಾನಂತರ ಒಂದು ಸಣ್ಣ ಸೋರಿಕೆಯನ್ನು ಹುಡುಕಲು ಮಕ್ಕಳು ಅರ್ಧ ತೋಟವನ್ನೇ ಅಗೆಯಬೇಕಾಗುತ್ತದೆ. ಆದ ನಷ್ಟ ಒಂದೆರಡು ದಿನದ ಕೂಲಿ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಇದೇ ಅಲಕ್ಷ್ಯ ಆಕಾಶದಲ್ಲಿ ಹಾರುವ ಯಂತ್ರದ ವಿಷಯದಲ್ಲಿ ನಡೆದರೆ ತೆರಬೇಕಾದ ಬೆಲೆ ಮನುಷ್ಯನ ಪ್ರಾಣ.

ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟುವುದೆಂದರೆ ನಮ್ಮಲ್ಲಿ ಇನ್ನೂ ಸೋಜಿಗದ ಮಾತು. ಆಲಪ್ಪುಳ ಮೂಲದ ಇಂಜಿನಿಯರರೊಬ್ಬರು ಇಂಗ್ಲೆಂಡಿನಲ್ಲಿ ಕೊರೋನಾ ಕಾಲದ ಬಿಡುವನ್ನು ಬಳಸಿ, ದಕ್ಷಿಣ ಆಫ್ರಿಕಾದ ಕಂಪನಿಯೊಂದರ ಬಿಡಿಭಾಗಗಳನ್ನು ತರಿಸಿ, ನಾಲ್ಕು ಆಸನಗಳ ವಿಮಾನ ಕಟ್ಟಿ 2022ರಲ್ಲಿ ಹಾರಿಸಿದಾಗ ಕೇರಳದ ಪತ್ರಿಕೆಗಳೆಲ್ಲ ಅದನ್ನು ಸಂಭ್ರಮದಿಂದ ಬರೆದವು. ಅಮೆರಿಕದಲ್ಲಾದರೋ ಇದು ಹಳೆಯ ಹವ್ಯಾಸ. ಪಾಲ್ ಪೊಬರೆಜ್ನಿ ಎಂಬವರು 1953ರಲ್ಲಿ ಇಂಥ ಹವ್ಯಾಸಿಗಳ ಸಂಘವನ್ನೇ ಸ್ಥಾಪಿಸಿದರು. ಆರೆಗಾನ್ ರಾಜ್ಯದ ವ್ಯಾನ್ಸ್ ಎಂಬ ಒಂದೇ ಕಂಪನಿಯ ಕಿಟ್ಟುಗಳಿಂದ ಜನ ಕಟ್ಟಿ ಹಾರಿಸಿದ ವಿಮಾನಗಳು 11 ಸಾವಿರಕ್ಕೂ ಮಿಕ್ಕಿವೆ. ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ, ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ಮಾಡಿರಬೇಕು ಎಂಬುದು ಅಲ್ಲಿಯ ಕಾನೂನು.

ಕಟ್ಟಿದವನ ಸಂಭ್ರಮ ಪತ್ರಿಕೆಗೆ ಸುದ್ದಿಯಾಗುತ್ತದೆ. ಆದರೆ ಅದೇ ವಿಮಾನ ಹತ್ತಿಪ್ಪತ್ತು ವರ್ಷಗಳ ಮೇಲೆ ಏನಾಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಕಟ್ಟಿದವನಿಗೆ ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ. ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಯಂತ್ರ ಮಾರಾಟಕ್ಕೆ ಬರುತ್ತದೆ. ಹೊಸದನ್ನು ಕಟ್ಟಲು ಹಣವಾಗಲಿ ಸಮಯವಾಗಲಿ ಇಲ್ಲದವನು ಅದನ್ನು ಕೊಂಡು, ರೆಕ್ಕೆ ಬಿಚ್ಚಿ ಲಾರಿಯಲ್ಲಿ ಹೇರಿ ಮನೆಗೆ ತಂದು ದುರಸ್ತಿಗೆ ತೊಡಗುತ್ತಾನೆ. ಈ ಎರಡನೆಯ ಕೈಯ ಕೆಲಸ ಮೊದಲನೆಯದಕ್ಕಿಂತ ಹಗುರವೆಂದು ಭಾವಿಸುವುದು ತಪ್ಪು. ಕಾರ್ಖಾನೆಯ ವಿಮಾನವಾದರೆ ಒಂದರಂತೆ ಇನ್ನೊಂದು. ಪುಸ್ತಕ ನೋಡಿ ಬಿಚ್ಚಬಹುದು, ಪುಸ್ತಕ ನೋಡಿ ಜೋಡಿಸಬಹುದು. ಮನೆಯಲ್ಲಿ ಕಟ್ಟಿದ್ದು ಹಾಗಲ್ಲ. ಒಂದೇ ನಕ್ಷೆಯಿಂದ ಹುಟ್ಟಿದ ಎರಡು ವಿಮಾನಗಳಲ್ಲಿ ತಂತಿಗಳ ದಾರಿ ಬೇರೆ, ಇಂಧನದ ಕೊಳವೆಗಳ ದಾರಿ ಬೇರೆ ಇರಬಹುದು.

ದುರಸ್ತಿಯ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಅಲ್ಯೂಮಿನಿಯಂ ದೇಹದ ವಿಮಾನವಾದರೆ ರಿವೆಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಸಡಿಲಗೊಂಡ ರಿವೆಟ್ಟಿನ ಸುತ್ತ ಹೊಗೆ ತಾಗಿದಂತೆ ಕಪ್ಪು ಗೆರೆ ಕಾಣಿಸುತ್ತದೆ. ಫೋಮಿನ ಮೇಲೆ ಫೈಬರ್ ಗ್ಲಾಸ್ ಹೊದೆಸಿದ್ದಾದರೆ ಒಳಗಿನದು ಕಣ್ಣಿಗೆ ಕಾಣದು. ನಾಣ್ಯದಿಂದ ತಟ್ಟುತ್ತ ಹೋಗಬೇಕು, ಪದರ ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ತೆಂಗಿನಕಾಯಿಯನ್ನು ತಟ್ಟಿ ನೋಡಿ ಕೊಳ್ಳುವ ನಮಗೆ ಈ ಪರೀಕ್ಷೆ ಅರ್ಥವಾಗದ್ದೇನಲ್ಲ. ವರ್ಷಗಟ್ಟಲೆ ನಿಂತ ಎಂಜಿನ್ ಮೇಲುನೋಟಕ್ಕೆ ಹೊಸದರಂತೆ ಹೊಳೆಯುತ್ತಿರಬಹುದು; ಆದರೆ ಈ ವಿಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಲೈಕಾಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್ ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ, ಎಣ್ಣೆ ಕೆಳಗಿಳಿದು ಆ ಭಾಗ ಒಣಗಿ ತುಕ್ಕು ಹಿಡಿಯುತ್ತದೆ. ರಬ್ಬರು ಕೊಳವೆಗಳು ಗಡುಸಾಗಿ ಬಿರುಕು ಬಿಟ್ಟಿರುತ್ತವೆ. ಟ್ಯಾಂಕಿನೊಳಗಿನ ಅಂಟು ಎದ್ದು ಬಂದು ಇಂಧನದ ದಾರಿಯನ್ನು ಮುಚ್ಚಬಲ್ಲದು. ಎಲ್ಲವನ್ನೂ ಸರಿಪಡಿಸಿದ ಮೇಲೆ ಮೂರು ಚಕ್ರಗಳ ಅಡಿಯಲ್ಲಿ ಮೂರು ತೂಕದ ಯಂತ್ರಗಳನ್ನಿಟ್ಟು ಹೊಸದಾಗಿ ತೂಗಬೇಕು. ಭಾರದ ಕೇಂದ್ರ ನಿಗದಿತ ಮಿತಿಯನ್ನು ದಾಟಿ ಹಿಂದಕ್ಕೆ ಸರಿದಿದ್ದರೆ ವಿಮಾನ ಚಾಲಕನ ಮಾತು ಕೇಳುವುದಿಲ್ಲ.

ಇವೆಲ್ಲ ಕೈಚಳಕಕ್ಕೂ ತಾಳ್ಮೆಗೂ ಒಲಿಯುವ ಕೆಲಸಗಳು. ಆದರೆ ಇವಕ್ಕೂ ಮೊದಲು ಕೇಳಬೇಕಾದದ್ದು ಕಾಗದಪತ್ರಗಳನ್ನು. ಕಟ್ಟುವಾಗ ತೆಗೆದ ಚಿತ್ರಗಳೆಲ್ಲಿ? ದಿನಚರಿ ಎಲ್ಲಿ? ನಕ್ಷೆಯಲ್ಲಿದ್ದಂತೆ ಮಾಡದೆ ಬೇರೆ ರೀತಿ ಮಾಡಿದ್ದು ಯಾವುದು, ಏಕೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಎಷ್ಟು ಸುಂದರವಾದ ವಿಮಾನವೂ ಹೊಸ ಯಜಮಾನನ ಪಾಲಿಗೆ ಒಂದು ಒಗಟು.

ಈ ಮಾತಿಗೆ ಒಂದು ದುಃಖದ ಸಾಕ್ಷ್ಯವಿದೆ. ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಅನುಭವಿ ವಿಮಾನ ಚಾಲಕರೂ ಆಗಿದ್ದರು. ಬರ್ಟ್ ರುಟಾನ್ ಅವರ ವಿನ್ಯಾಸದ ಲಾಂಗ್-ಈಜಿ ಎಂಬ ಪುಟ್ಟ ವಿಮಾನವನ್ನು ಅವರು 1997ರಲ್ಲಿ ಕೊಂಡರು. ನಕ್ಷೆ ನೋಡಿ ಬೇರೊಬ್ಬರು ಕಟ್ಟಿದ್ದ ವಿಮಾನ ಅದು. ಟ್ಯಾಂಕಿನಿಂದ ಟ್ಯಾಂಕಿಗೆ ಇಂಧನ ಬದಲಾಯಿಸುವ ವಾಲ್ವು ನಕ್ಷೆಯ ಪ್ರಕಾರ ಚಾಲಕನ ಕಾಲುಗಳ ನಡುವೆ ಇರಬೇಕಿತ್ತು. ಇಂಧನದ ಕೊಳವೆ ಚಾಲಕ ಕೂರುವ ಜಾಗದೊಳಗೆ ಬರುವುದು ಬೇಡವೆಂದು ಕಟ್ಟಿದವರು ಅದನ್ನು ಎಡ ಭುಜದ ಹಿಂದುಗಡೆ ಇಟ್ಟಿದ್ದರು. ಉದ್ದೇಶ ಕೆಟ್ಟದ್ದಲ್ಲ, ಆದರೆ ಹಿಡಿಯ ಮೇಲೆ ಗುರುತಿರಲಿಲ್ಲ. ಇಂಧನದ ಮಟ್ಟ ತೋರಿಸುವ ಗಾಜಿನ ಮೇಲೂ ಗುರುತಿರಲಿಲ್ಲ. ಹಿಂದಿನ ದಿನ ಸಿಕ್ಕಿದ ತರಬೇತಿ ಸುಮಾರು ಅರ್ಧ ಗಂಟೆಯದು. ಹೊರಡುವ ಮುನ್ನ ಹಿಡಿಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ಪ್ರಯತ್ನಿಸಿದರೂ ಕೈಗೆ ಎಟಕಲಿಲ್ಲ.

ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಆ ವಿಮಾನ ಬಿದ್ದು ಡೆನ್ವರ್ ಅಸುನೀಗಿದರು. ವಾಲ್ವಿನ ಕಡೆ ಹೊರಳುವಾಗ ಬಲಗಾಲು ರಡ್ಡರನ್ನು ಅರಿಯದೆ ಒತ್ತಿ ವಿಮಾನ ಹತೋಟಿ ತಪ್ಪಿತೆಂದು ತನಿಖಾ ಮಂಡಲಿ ತೀರ್ಮಾನಿಸಿತು. ಇಂಧನ ತುಂಬಿಸದೆ ಹೊರಟದ್ದು ಚಾಲಕರ ತಪ್ಪು; ಹಿಡಿಯನ್ನು ಎಟುಕದ ಕಡೆ, ಗುರುತಿಲ್ಲದೆ ಇಟ್ಟದ್ದು ಕಟ್ಟಿದವರ ನಿರ್ಧಾರ; ಈ ಬಗೆಯ ವಿಮಾನದಲ್ಲಿ ತರಬೇತಿಯ ಕೊರತೆ ಇನ್ನೊಂದು ಎಂದು ಮಂಡಲಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಒಬ್ಬನ ಅನುಕೂಲಕ್ಕೆ ಮಾಡಿದ ಬದಲಾವಣೆ ಮತ್ತೊಬ್ಬನ ಕೈಯಲ್ಲಿ ಹೇಗೆ ಅಪಾಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇದು ಒಂಟಿ ಪ್ರಕರಣವೆಂದು ತಳ್ಳಿಹಾಕುವಂತಿಲ್ಲ. ಅದೇ ಮಂಡಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2011ರಲ್ಲಿ ತನಿಖೆಗೊಳಗಾದ ಇಂಥ ವಿಮಾನಗಳ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಭವಿಸಿದ್ದು ತಾವು ಕಟ್ಟದೆ ಇತರರಿಂದ ಕೊಂಡ ವಿಮಾನಗಳಲ್ಲಿ. ಅಮೆರಿಕದ ಕಾನೂನು ಕಟ್ಟಿದವನಿಗೆ ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಅಧಿಕಾರಪತ್ರ ಕೊಡುತ್ತದೆ. ಆ ಪತ್ರ ವಿಮಾನದೊಡನೆ ಕೊಂಡವನಿಗೆ ಹೋಗುವುದಿಲ್ಲ. ಅವನು ದುರಸ್ತಿ ಮಾಡಬಹುದು, ವಾರ್ಷಿಕ ತಪಾಸಣೆಗೆ ಮಾತ್ರ ಪ್ರತ್ಯೇಕ ಅರ್ಹತೆ ಬೇಕು. ಕೊಳ್ಳುವವನಿಗೆ ಇದು ಕಿರಿಕಿರಿಯಾಗಿ ತೋರಬಹುದು. ಆದರೆ ಕಟ್ಟಿದವನ ಅರಿವನ್ನು ಕ್ರಯಪತ್ರದೊಡನೆ ವರ್ಗಾಯಿಸಲಾಗದು ಎಂಬ ಸತ್ಯವನ್ನೇ ಈ ನಿಯಮ ಹೇಳುತ್ತಿದೆ. ವರ್ಗಾಯಿಸಬಹುದಾದದ್ದು ಬರವಣಿಗೆಯೊಂದೇ.

ನಮಗೇಕೆ ಈ ಚಿಂತೆ ಎಂದು ಕೆಲವರು ಕೇಳಬಹುದು. ಇದೇ ಲಾಂಗ್-ಈಜಿ ವಿನ್ಯಾಸವನ್ನು ಆಧರಿಸಿ 1980ರ ದಶಕದಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿತು. 1993ರಲ್ಲಿ ಮೊದಲು ಹಾರಿದ 'ಹಂಸ' ತರಬೇತಿ ವಿಮಾನವೂ ಅಲ್ಲಿಯದೇ. ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನವನ್ನು 2016ರಲ್ಲಿ ಪ್ರದರ್ಶಿಸಿದರು, 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿತು. ಕಟ್ಟುವ ಉತ್ಸಾಹ ನಮ್ಮ ದೇಶದಲ್ಲಿ ಇದೆ. ನೋಂದಣಿಯೂ ಹಾರಾಟದ ಅನುಮತಿಯೂ ಇಲ್ಲದೆ ಹಾರಿಸುವಂತಿಲ್ಲ ಎಂಬುದನ್ನು ನಮ್ಮ ಉತ್ಸಾಹಿ ತರುಣರು ಮರೆಯಬಾರದು. ಅಂತೆಯೇ, ಇಂದು ಕಟ್ಟಿದ ವಿಮಾನ ನಾಳೆ ಮತ್ತೊಬ್ಬರ ಕೈಗೆ ಹೋಗುವುದು ಖಂಡಿತ. ಕಟ್ಟಿದ ದಿನಚರಿ, ಬದಲಾವಣೆಗಳ ಪಟ್ಟಿ ಮತ್ತು ತೂಕದ ಲೆಕ್ಕ ಇಲ್ಲದೆ ಮಾರಾಟಕ್ಕೆ ಅವಕಾಶವಿರಬಾರದು. ಕೊಂಡವನಿಗೆ ಆ ಬಗೆಯ ವಿಮಾನದಲ್ಲಿ ತರಬೇತಿ ಕಡ್ಡಾಯವಾಗಬೇಕು. ಅಪಘಾತವಾದ ಮೇಲೆ ನಿಯಮ ಮಾಡುವ ನಮ್ಮ ಹಳೆಯ ಚಾಳಿಯನ್ನು ಈ ಒಂದು ವಿಷಯದಲ್ಲಾದರೂ ಬಿಡುವುದು ಲೇಸು.

ಉಳಿದವರಿಗೂ ಇದರಲ್ಲಿ ಪಾಠವಿದೆ. ನಮ್ಮ ಊರುಗಳಲ್ಲಿ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಮದ್ದು ಬಿಡುವ ಪಂಪನ್ನು ತನ್ನ ಗುಡ್ಡಕ್ಕೆ ಹೊಂದುವಂತೆ ಮಾರ್ಪಡಿಸಿದವರು, ಹಳೆಯ ಜೀಪಿಗೆ ಬೇರೆ ಎಂಜಿನ್ ಕೂರಿಸಿದವರು, ಮನೆಯ ವಿದ್ಯುತ್ ತಂತಿಯನ್ನು ತಾವೇ ಎಳೆದವರು ಬೇಕಾದಷ್ಟಿದ್ದಾರೆ. ಅವರ ಜಾಣ್ಮೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಜಾಣ್ಮೆ ತಲೆಯಲ್ಲಿಯೇ ಉಳಿದು ತಲೆಯೊಂದಿಗೇ ಹೋಗುತ್ತದೆ. ಒಂದು ನೋಟ್ ಪುಸ್ತಕ, ಒಂದು ಪೆನ್ನು, ದಿನಕ್ಕೆ ಹತ್ತು ನಿಮಿಷ: ಇಷ್ಟು ಸಾಕು. ಮಾಡಿದ್ದೇನು, ಬದಲಿಸಿದ್ದೇನು, ಏಕೆ ಬದಲಿಸಿದ್ದು ಎಂದು ಬರೆದು, ಹಿಡಿಯ ಮೇಲೆ ಒಂದು ಗುರುತು ಹಾಕಿಡಲಿ. ತನ್ನ ನಂತರ ಆ ಯಂತ್ರವನ್ನು ಮುಟ್ಟುವವನು ತನ್ನ ಮಗನೇ ಆಗಿರಬಹುದು.