ಅನೂಬಿಸ್, ಹತ್ತು ಗೆರೆ ಮತ್ತು ಬಾರದ ಮೂರನೇ ಪುಸ್ತಕ

"ಆ ಈಜಿಪ್ಟ್ ಗೇಮ್ ಆಡೋದು ಹೇಗೆ, ಸ್ವಲ್ಪ ಹೇಳಿ." ಈಚೆಗೆ ಈ ಪ್ರಶ್ನೆ ಮೂರು ಕಡೆಯಿಂದ ಬಂತು. ಒಬ್ಬರಿಗೆ ಟೆಲಿಗ್ರಾಂನಲ್ಲಿ ಲಿಂಕ್ ಬಂದಿತ್ತು, ಇನ್ನೊಬ್ಬರು ಯಾರೋ ಆಡುವ ವಿಡಿಯೋ ನೋಡಿದ್ದರು. ಮೂರನೆಯವನು ನಮ್ಮ ಟೀಮಿನ ಹುಡುಗ. ಅವನು ಕೇಳಿದ್ದು ಆಡೋದು ಹೇಗೆ ಅಂತ ಅಲ್ಲ, ಅವನ ವಿಷಯ ಆಮೇಲೆ ಹೇಳ್ತೀನಿ. ಸಾಫ್ಟ್‌ವೇರ್ ಬರೆದು ಬದುಕುವವನಾದ್ದರಿಂದ ನನಗೆ ಆಟಕ್ಕಿಂತ ಅದರ ಒಳಗಿನ ಯಂತ್ರದ ಮೇಲೇ ಕಣ್ಣು. ಹಾಗಾಗಿ ಆಡುವ ಬಗೆಯನ್ನೂ ಹೇಳುತ್ತೇನೆ, ಅದು ನಮ್ಮನ್ನು ಆಡಿಸುವ ಬಗೆಯನ್ನೂ ಹೇಳುತ್ತೇನೆ.

ಉದಾಹರಣೆಗೆ 'ಬುಕ್ ಆಫ್ ಡೆಡ್' ತಗೊಳ್ಳೋಣ. ಸ್ವೀಡನ್ನಿನ ಪ್ಲೇ ಎನ್ ಗೋ ಕಂಪನಿ 2016ರಲ್ಲಿ ತಂದ ಸ್ಲಾಟ್ ಇದು. ಇದಕ್ಕೂ ಮೊದಲು, 2005ರಲ್ಲೇ, ಆಸ್ಟ್ರಿಯಾದ ನೊವೊಮ್ಯಾಟಿಕ್ 'ಬುಕ್ ಆಫ್ ರಾ' ಅಂತ ಇದೇ ಜಾತಿಯ ಆಟ ತಂದಿತ್ತು. ಟೋಪಿ ಹಾಕಿದ ಸಾಹಸಿ, ಗೋರಿ, ಚಿನ್ನ, ಒಂದು ಮಾಯಾ ಪುಸ್ತಕ. ಆಮೇಲೆ ಬಂದ ನೂರಾರು 'ಇತಿಹಾಸದ' ಸ್ಲಾಟ್‌ಗಳು ಇದೇ ಅಚ್ಚಿನ ಇಡ್ಲಿಗಳು. ಒಂದನ್ನು ಅರ್ಥ ಮಾಡಿಕೊಂಡರೆ ಉಳಿದವೂ ಹೆಚ್ಚುಕಡಿಮೆ ಅರ್ಥ ಆದ ಹಾಗೇ.

ಪರದೆಯ ಮೇಲೆ ಐದು ಕಂಬಗಳಿರುತ್ತವೆ, ಇವಕ್ಕೆ ರೀಲ್ ಅಂತಾರೆ. ಪ್ರತಿ ಕಂಬದಲ್ಲಿ ಮೂರು ಚಿತ್ರ ಕಾಣುತ್ತವೆ, ಒಟ್ಟು 15 ಮನೆ. ಈ 15 ಮನೆಗಳ ಮೇಲೆ ಎಡದಿಂದ ಬಲಕ್ಕೆ ನೇರವಾಗಿಯೂ ಅಂಕುಡೊಂಕಾಗಿಯೂ ಹತ್ತು ಗೆರೆ ಎಳೆದಿದೆ ಅಂದುಕೊಳ್ಳಿ. ಅವು ಪೇಲೈನ್‌ಗಳು. ಗೆರೆಗೆ ಒಂದು ರೂಪಾಯಿ ಅಂತ ಹತ್ತೂ ಗೆರೆಗೆ ಕಟ್ಟಿದರೆ ಒಂದು ಸ್ಪಿನ್‌ಗೆ ಹತ್ತು ರೂಪಾಯಿ. ಬಟನ್ ಒತ್ತುತ್ತೀರಿ, ಕಂಬಗಳು ತಿರುಗಿ ನಿಲ್ಲುತ್ತವೆ. ಯಾವುದಾದರೂ ಗೆರೆಯಲ್ಲಿ ಎಡತುದಿಯಿಂದ ಶುರುವಾಗಿ ಒಂದೇ ಚಿತ್ರ ಸಾಲಾಗಿ ಬಿದ್ದರೆ ದುಡ್ಡು.

ಚಿತ್ರಗಳಲ್ಲಿ ಎರಡು ವರ್ಗ. ಕೆಳವರ್ಗದಲ್ಲಿ ನಮ್ಮ ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಮೇಲ್ವರ್ಗದಲ್ಲಿ ಗಿಡುಗದ ಮುಖದ ದೇವರು, ನರಿಮುಖದ ಅನೂಬಿಸ್, ಫೇರೋ, ಎಲ್ಲರಿಗಿಂತ ಮೇಲೆ ಆ ಟೋಪಿಯ ಸಾಹಸಿ ರಿಚ್ ವೈಲ್ಡ್. ಹತ್ತು, ಗುಲಾಮ, ರಾಣಿ ಇವುಗಳಲ್ಲಿ ಒಂದು ಮೂರು ಸಲ ಸಾಲಾಗಿ ಬಿದ್ದರೆ ಆ ಗೆರೆಗೆ ಕಟ್ಟಿದ್ದರ ಐದರಷ್ಟು ಸಿಗುತ್ತದೆ. ರಿಚ್ ವೈಲ್ಡ್ ಐದೂ ಕಂಬದಲ್ಲಿ ಬಿದ್ದರೆ 5000 ಪಟ್ಟು. ಆದರೆ ಗಮನಿಸಿ, ಇದು ಗೆರೆಗೆ ಕಟ್ಟಿದ ಒಂದು ರೂಪಾಯಿಯ 5000 ಪಟ್ಟು. ನೀವು ಕಟ್ಟಿದ್ದು ಹತ್ತು ರೂಪಾಯಿ, ಅಂದರೆ ನಿಮ್ಮ ಲೆಕ್ಕದಲ್ಲಿ ಅದು 500 ಪಟ್ಟು. ವಿಡಿಯೋ ಮಾಡುವವರು ಮಾತ್ರ 5000 ಅಂತಲೇ ಕೂಗ್ತಾರೆ.

ಇನ್ನು ಪುಸ್ತಕ. ಅದು ಎರಡು ಕೆಲಸ ಮಾಡುತ್ತದೆ. ಗೆರೆಯಲ್ಲಿ ಬಿದ್ದರೆ ಜೋಕರ್ ಥರ ಯಾವ ಚಿತ್ರದ ಬದಲಿಗೂ ನಿಲ್ಲುತ್ತದೆ. ಪರದೆಯಲ್ಲಿ ಎಲ್ಲೇ ಆಗಲಿ ಮೂರು ಪುಸ್ತಕ ಬಿದ್ದರೆ ಹತ್ತು ಸ್ಪಿನ್ ಪುಕ್ಕಟೆ. ಆ ಹತ್ತು ಸ್ಪಿನ್ ಶುರುವಾಗುವ ಮೊದಲು ಪುಸ್ತಕದ ಹಾಳೆಗಳು ಪಟಪಟ ಮಗುಚಿ ಒಂದು ಚಿತ್ರದ ಮೇಲೆ ನಿಲ್ಲುತ್ತವೆ. ಪುಕ್ಕಟೆ ಸ್ಪಿನ್‌ಗಳಲ್ಲಿ ಆ ಚಿತ್ರ ಸಾಕಷ್ಟು ಕಂಬಗಳಲ್ಲಿ ಬಂದರೆ, ಬಂದ ಕಂಬವನ್ನೆಲ್ಲ ಮೇಲಿಂದ ಕೆಳಗೆ ತುಂಬಿಕೊಳ್ಳುತ್ತದೆ. ಆಗ ಕಂಬಗಳು ಪಕ್ಕಪಕ್ಕದಲ್ಲೇ ಇರಬೇಕು ಅಂತಿಲ್ಲ, ಹತ್ತೂ ಗೆರೆಗೆ ದುಡ್ಡು ಬರುತ್ತದೆ. ಐದೂ ಕಂಬ ರಿಚ್ ವೈಲ್ಡ್‌ನಿಂದ ತುಂಬಿದರೆ ಒಟ್ಟು ಪಣದ 5000 ಪಟ್ಟು, ಅದೇ ಈ ಆಟದ ಮಿತಿ. ಆಟದ ಆಸೆಯೆಲ್ಲ ಇರೋದು ಇಲ್ಲೇ. ಉಳಿದ ಹೊತ್ತು ಆಟಗಾರ ಮಾಡುವುದು ಮೂರನೇ ಪುಸ್ತಕಕ್ಕೆ ಕಾಯುವ ಕೆಲಸ.

ಆಡೋದು ಅಂದ್ರೆ ಅಷ್ಟೇ ಕಣ್ರೀ. ಕಲಿಯೋಕೆ ಎರಡು ನಿಮಿಷ ಸಾಕು. ಪಣ ಎಷ್ಟು ಅನ್ನೋದು ಬಿಟ್ಟರೆ ನೀವು ತೆಗೆದುಕೊಳ್ಳಬೇಕಾದ ತೀರ್ಮಾನವೇ ಇಲ್ಲ. ರಮ್ಮಿಯಲ್ಲಿ ಯಾವ ಎಲೆ ಬಿಡಬೇಕು ಅಂತ ತಲೆ ಕೆಡಿಸಿಕೊಳ್ಳಬಹುದು, ಇಲ್ಲಿ ಅದಕ್ಕೂ ಜಾಗವಿಲ್ಲ.

ಈಗ ಯಂತ್ರದ ಒಳಗೆ ಇಳಿಯೋಣ. ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ 19ನೇ ಶತಮಾನದ ಕೊನೆಯಲ್ಲಿ ಮಾಡಿದ 'ಲಿಬರ್ಟಿ ಬೆಲ್' ಯಂತ್ರಕ್ಕೆ ನಿಜವಾದ ಕಬ್ಬಿಣದ ಮೂರು ಚಕ್ರಗಳಿದ್ದವು. ಒಂದೊಂದರ ಮೇಲೆ ಹತ್ತು ಚಿತ್ರ ಇದ್ದರೆ ಒಟ್ಟು ಸಾಧ್ಯತೆ ಸಾವಿರ. ಸಾವಿರಕ್ಕೊಂದು ಸಲ ಬೀಳುವ ಬಹುಮಾನಕ್ಕೆ ಅಂಗಡಿಯವನು ಲಕ್ಷ ಕೊಡೋಕಾಗುತ್ತಾ? ಚಕ್ರ ದೊಡ್ಡದು ಮಾಡಿದರೆ ಜನಕ್ಕೆ ಅನುಮಾನ. ಈ ಗಂಟನ್ನು ಬಿಚ್ಚಿದವರು ಇಂಗೆ ಟೆಲ್ನೆಸ್, 1984ರ ಅಮೆರಿಕನ್ ಪೇಟೆಂಟ್‌ನಲ್ಲಿ. ಚಕ್ರ ಎಲ್ಲಿ ನಿಲ್ಲಬೇಕು ಅನ್ನೋದನ್ನು ಕಂಪ್ಯೂಟರಿನ ರ‍್ಯಾಂಡಮ್ ನಂಬರ್ ನಿರ್ಧರಿಸುತ್ತದೆ, ಕಣ್ಣಿಗೆ ಕಾಣುವ ಚಕ್ರ ಬರೀ ಡಿಸ್‌ಪ್ಲೇ. ಹೊರಗಿನ ಚಕ್ರಕ್ಕೆ 22 ನಿಲ್ದಾಣ ಇದ್ದರೂ ಒಳಗಿನ ಲೆಕ್ಕದ ಚಕ್ರಕ್ಕೆ 64 ಇರಬಹುದು. 22ರ ಘನ 10,648, 64ರ ಘನ 2,62,144. ನೋಡುವವನಿಗೆ ಯಂತ್ರ ಅದೇ, ಗೆಲ್ಲುವ ಸಾಧ್ಯತೆ ಮಾತ್ರ ಬೇರೆ.

ಫೋನಿನ ಸ್ಲಾಟ್‌ನಲ್ಲಿ ಕಬ್ಬಿಣವೂ ಇಲ್ಲ. ನೀವು ಬಟನ್ ಒತ್ತಿದಾಗ ಸರ್ವರ್ ಒಂದು ಸಂಖ್ಯೆ ಎತ್ತುತ್ತದೆ, ಫಲಿತಾಂಶ ಆಗಲೇ ತೀರ್ಮಾನ ಆಗಿರುತ್ತದೆ. ಕಂಬಗಳು ತಿರುಗುವುದು, ಎರಡು ಪುಸ್ತಕ ಬಿದ್ದ ಮೇಲೆ ಉಳಿದ ಕಂಬ ನಿಧಾನವಾಗಿ ಎದೆ ಢವಢವ ಅನ್ನಿಸುವುದು, ಇವೆಲ್ಲ ಬಂದ ಫಲಿತಾಂಶದ ಮೇಲೆ ಕಟ್ಟಿದ ಅನಿಮೇಷನ್. ನಡುವೆ 'ಸ್ಟಾಪ್' ಒತ್ತಿದರೆ ಅನಿಮೇಷನ್ ಬೇಗ ಮುಗಿಯುತ್ತದೆ, ಉತ್ತರ ಬದಲಾಗಲ್ಲ. ಇನ್ನೊಂದು ಮಾತು: "ಅರ್ಧ ಗಂಟೆಯಿಂದ ಪುಸ್ತಕ ಬಿದ್ದಿಲ್ಲ, ಇನ್ನೇನು ಬೀಳಬೇಕು" ಅನ್ನೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸ್ಟೇಟ್‌ಲೆಸ್ ಕಾಲ್. ಹಿಂದಿನ ಇನ್ನೂರು ಸ್ಪಿನ್‌ಗಳಲ್ಲಿ ಏನು ಬಿತ್ತು ಅನ್ನೋದು ಮುಂದಿನ ಸಂಖ್ಯೆಗೆ ಗೊತ್ತೇ ಇರಲ್ಲ. ನೆನಪಿರೋದು ಆಡುವವನಿಗೆ ಮಾತ್ರ.

ಗೆಲುವಿನ ಲೆಕ್ಕಕ್ಕೆ ಆರ್‌ಟಿಪಿ ಅನ್ನುತ್ತಾರೆ, ಆಟಗಾರರಿಗೆ ಮರಳುವ ಪಾಲು. ಬುಕ್ ಆಫ್ ಡೆಡ್‌ನ ಹೆಚ್ಚು ಪ್ರಚಾರದ ಸಂಖ್ಯೆ 96.21 ಶೇಕಡ. ಇದನ್ನು ಕೇಳಿ "ನೂರಕ್ಕೆ ನಾಲ್ಕು ರೂಪಾಯಿ ತಾನೇ, ಸಿನಿಮಾ ಟಿಕೆಟ್‌ಗಿಂತ ಅಗ್ಗ" ಅನ್ನುವವರನ್ನು ಕಂಡಿದ್ದೇನೆ. ಆದರೆ ಇದು ನೀವು ಹಾಕಿದ ನೂರರ ಲೆಕ್ಕ ಅಲ್ಲ, ತಿರುಗಿಸಿದ ನೂರರ ಲೆಕ್ಕ. ಹತ್ತು ರೂಪಾಯಿಯ ಸ್ಪಿನ್, ಆರು ಸೆಕೆಂಡಿಗೆ ಒಂದು ಅಂದರೂ ಗಂಟೆಗೆ 600. ಅಂದರೆ ವಾಲೆಟ್‌ನಲ್ಲಿ ಇರೋದು ಸಾವಿರವೇ ಆಗಿರಲಿ, ಗಂಟೆಯೊಳಗೆ ಆರು ಸಾವಿರ ರೂಪಾಯಿ ಪಣಕ್ಕೆ ಬಿದ್ದಿರುತ್ತದೆ. ಸರಾಸರಿ ನಷ್ಟ ಗಂಟೆಗೆ ಸುಮಾರು 227 ರೂಪಾಯಿ. ಆ ಸರಾಸರಿಯೊಳಗೆ ಯಾರೋ ಒಬ್ಬನಿಗೆ ಬಿದ್ದ ಭಾರೀ ಮೊತ್ತವೂ ಸೇರಿರುತ್ತದೆ, ಹಾಗಾಗಿ ಉಳಿದ ಬಹುಪಾಲು ಜನರ ಗಂಟೆ ಇದಕ್ಕಿಂತ ಕೆಟ್ಟದಾಗಿ ಮುಗಿಯುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಆಟ ಒಂದೇ ಆರ್‌ಟಿಪಿಯಲ್ಲಿ ಬರಲ್ಲ. 94, 91, 87, 84ರ ಆಸುಪಾಸಿನ ಆವೃತ್ತಿಗಳೂ ಇವೆ, ಯಾವುದನ್ನು ಓಡಿಸಬೇಕು ಅನ್ನೋದು ಸೈಟ್ ನಡೆಸುವವರ ಆಯ್ಕೆ. ಕಾನ್ಫಿಗ್ ಫೈಲಿನಲ್ಲಿ ಒಂದು ಸಂಖ್ಯೆ ಅಂದುಕೊಳ್ಳಿ. 87.25ರ ಆವೃತ್ತಿಯಲ್ಲಿ ಅದೇ ಗಂಟೆಯ ಸರಾಸರಿ ನಷ್ಟ 765 ರೂಪಾಯಿ. ಚಿತ್ರ ಅದೇ, ಸಂಗೀತ ಅದೇ, ಅನೂಬಿಸ್ ಅವನೇ. ಮಾಹಿತಿ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರಬಹುದು, ಅಲ್ಲಿಯ ತನಕ ಸ್ಕ್ರೋಲ್ ಮಾಡುವವರು ಎಷ್ಟು ಜನ?

ನನಗೆ ಎಲ್ಲಕ್ಕಿಂತ ಜಾಣತನ ಅನ್ನಿಸಿದ್ದು ಗೆಲುವಿನ ವೇಷದ ಸೋಲು. ಹತ್ತು ರೂಪಾಯಿ ಕಟ್ಟಿದ್ದೀರಿ, ಒಂದು ಗೆರೆಯಲ್ಲಿ ಮೂರು ಗುಲಾಮ ಬಿತ್ತು, ಐದು ರೂಪಾಯಿ ಬಂತು. ಕಳೆದದ್ದು ಐದು ರೂಪಾಯಿ. ಆದರೆ ಪರದೆ ಮಿಂಚುತ್ತದೆ, ನಾಣ್ಯದ ಸದ್ದು ಬರುತ್ತದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಹಿಡಿದು ಅಧ್ಯಯನ ಮಾಡಿದರು: ಇಂಥ ಸೋಲಿಗೆ ಆಟಗಾರನ ಮೈ ಬಹಳಮಟ್ಟಿಗೆ ಗೆಲುವಿಗೆ ಮಿಡಿದ ಹಾಗೇ ಮಿಡಿಯುತ್ತದೆ. ಬ್ರಿಟನ್ನಿನ ಜೂಜು ಆಯೋಗ 2021ರ ಅಕ್ಟೋಬರ್ 31ರಿಂದ ಆನ್‌ಲೈನ್ ಸ್ಲಾಟ್‌ಗಳಲ್ಲಿ ಈ ಸಂಭ್ರಮವನ್ನೇ ನಿಷೇಧಿಸಿತು. ಜೊತೆಗೆ ಆಟೋಪ್ಲೇ ಬಂದ್, ಎರಡೂವರೆ ಸೆಕೆಂಡಿಗಿಂತ ವೇಗದ ಸ್ಪಿನ್ ಬಂದ್. 2025ರಲ್ಲಿ ಒಂದು ಸ್ಪಿನ್‌ಗೆ ಐದು ಪೌಂಡ್ ಮಿತಿ ಹಾಕಿದರು, 18ರಿಂದ 24 ವಯಸ್ಸಿನವರಿಗೆ ಎರಡೇ ಪೌಂಡ್. ಜೂಜಿಗೆ ಲೈಸೆನ್ಸ್ ಕೊಡುವ ದೇಶವೇ ಇಷ್ಟು ಹೆದರಿದೆ ಅಂದರೆ ಯೋಚಿಸಿ.

ತಮಾಷೆ ಅಂದ್ರೆ, ಇಡೀ ಆಟದಲ್ಲಿ ನ್ಯಾಯವಾದ ಪಣ ಒಂದೇ ಒಂದಿದೆ. ಗೆದ್ದ ಮೇಲೆ 'ಗ್ಯಾಂಬಲ್' ಅಂತ ಒಂದು ಬಟನ್ ಬರುತ್ತದೆ. ಮುಚ್ಚಿದ ಎಲೆ ಕೆಂಪೋ ಕಪ್ಪೋ ಸರಿಯಾಗಿ ಹೇಳಿದರೆ ಗೆದ್ದದ್ದು ಎರಡರಷ್ಟು. ಆಟೀನೋ ಇಸ್ಪೀಟೋ ಕಳಾವರೋ ಡೈಮನ್ನೋ ಅಂತ ಜಾತಿಯನ್ನೇ ಹೇಳಿದರೆ ನಾಲ್ಕರಷ್ಟು. ಇಲ್ಲಿ ಕಂಪನಿಗೆ ಪಾಲಿಲ್ಲ, ಲೆಕ್ಕ ಸರಿಸಮ. ಆದರೆ ತಪ್ಪಿದರೆ ಕೈಗೆ ಬಂದದ್ದು ಅಷ್ಟೂ ಹೋಯ್ತು, ಮತ್ತೆ ಕಂಬ ತಿರುಗಿಸೋಕೆ ವಾಪಸ್.

ಈಗ ನಮ್ಮ ಟೀಮಿನ ಹುಡುಗ. ಅವನು ಬಂದದ್ದು ಕೈಸಾಲ ಕೇಳೋಕೆ. ಫೋನಿನಲ್ಲಿ 48 ಸಾವಿರದ ಬ್ಯಾಲೆನ್ಸ್ ತೋರಿಸಿದ, "ಗೆದ್ದಿದ್ದೀನಿ ಸರ್, ವಿತ್‌ಡ್ರಾ ಆಗ್ತಿಲ್ಲ. ವೆರಿಫಿಕೇಷನ್‌ಗೆ ಇನ್ನೊಂದು ಎಂಟು ಸಾವಿರ ಹಾಕಿದ್ರೆ ರಿಲೀಸ್ ಮಾಡ್ತಾರಂತೆ." ಎಂಟು ಸಾವಿರ ಕೊಡಲಿಲ್ಲ. ಇಬ್ಬರೂ ಕೂತು ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದೆವು. ಆ ತಿಂಗಳು 300, 500, 500, 1000 ಅಂತ ಸಣ್ಣಸಣ್ಣ ಯುಪಿಐ ಪಾವತಿಗಳು, ಪ್ರತಿ ಸಲ ಬೇರೆ ಬೇರೆ ಹೆಸರಿನ ಖಾತೆಗೆ, ಯಾವುದೋ ದಿನಸಿ ಅಂಗಡಿ, ಯಾವುದೋ ಟ್ರೇಡರ್ಸ್. ಕೂಡಿದರೆ 31 ಸಾವಿರ. ಊರಿಗೆ ಅಪ್ಪನಿಗೆ ಕಳಿಸಬೇಕಿದ್ದ ದುಡ್ಡೂ ಅದರಲ್ಲೇ ಇತ್ತು. ಪರದೆಯ ಮೇಲಿನ 48 ಸಾವಿರ ಬರೀ ಒಂದು ಸಂಖ್ಯೆ. ಅಂಥ ಸೈಟಿನಲ್ಲಿ ಓಡೋದು ಅಸಲಿ ಆಟವೋ ಅದರ ನಕಲೋ, ಆರ್‌ಟಿಪಿ ಎಷ್ಟೋ, ಕೇಳೋಕೆ ಯಾರೂ ಇಲ್ಲ. ಬ್ಯಾಂಕಿಗೆ ಮತ್ತು 1930 ಸೈಬರ್ ಸಹಾಯವಾಣಿಗೆ ಅವತ್ತೇ ದೂರು ಕೊಡಿಸಿದೆ. ದುಡ್ಡು ಇನ್ನೂ ಬಂದಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಹಳೆಯ ಜಗಳವನ್ನು ಅದು ಬದಿಗಿಟ್ಟಿದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಆಗಲಿ ನಿಷೇಧ. ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, ಐವತ್ತು ಲಕ್ಷ. ಆಡಿದವರಿಗೆ ಶಿಕ್ಷೆ ಇಲ್ಲ. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದರೆ ಪೊಲೀಸರಿಗೆ ಹೆದರಿ ಮುಚ್ಚಿಡಬೇಕಾಗಿಲ್ಲ. ಬಿಡೋಕೆ ಆಗ್ತಿಲ್ಲ ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಟರ್ನೆಟ್, ಗೇಮಿಂಗ್ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ. ದೂರದ ಊರಿನವರು ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಟ ಹೇಗಿದೆ ಅಂತ ನೋಡುವ ಕುತೂಹಲ ಅಷ್ಟೇ ಇದ್ದರೆ ದುಡ್ಡಿಲ್ಲದ ಡೆಮೊ ಸಾಕು, ಒಂದು ಸಂಜೆಯಲ್ಲಿ ಬೇಜಾರು ಬರುತ್ತದೆ. ಡೆಮೊದಲ್ಲಿ ಪ್ರತಿ ಸ್ಪಿನ್ ಬರೆದಿಡಿ: ಕಟ್ಟಿದ್ದೆಷ್ಟು, ಬಂದದ್ದೆಷ್ಟು, ಸಂಗೀತ ಬಂತಾ ಇಲ್ವಾ. ನೂರು ಸಾಲು ಆದ ಮೇಲೆ ಸಂಗೀತ ಬಂದೂ ದುಡ್ಡು ಕಡಿಮೆಯಾದ ಸಾಲುಗಳನ್ನು ಎಣಿಸಿ.

ಇತಿಹಾಸದ ಆಸೆಗೆ ಬಂದವರಿಗೂ ಒಂದು ಮಾತು. ನಿಜವಾದ 'ಸತ್ತವರ ಪುಸ್ತಕ'ದಲ್ಲಿ ನಿಧಿಯ ದಾರಿ ಇಲ್ಲ. ಅದು ಸತ್ತವನ ಜೊತೆ ಇಡುತ್ತಿದ್ದ ಮಂತ್ರಗಳ ಸುರುಳಿ, ಈಜಿಪ್ಟಿನವರು ಇಟ್ಟ ಹೆಸರು 'ಹಗಲಿಗೆ ಹೊರಬರುವುದು' ಅನ್ನೋ ಅರ್ಥದ್ದು. ಈಗಿನ ಹೆಸರು ಬಳಕೆಗೆ ತಂದದ್ದು 1842ರಲ್ಲಿ ಜರ್ಮನಿಯ ಲೆಪ್ಸಿಯಸ್. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆನಿ ಎಂಬವನ ಪಪೈರಸ್ ಸುಮಾರು 3200 ವರ್ಷ ಹಳೆಯದು. ಅದರ ಕೆಲವು ಭಾಗಗಳಲ್ಲಿ ಹೆಸರಿಗೆ ಜಾಗ ಖಾಲಿ ಬಿಟ್ಟು ಆಮೇಲೆ ಆನಿಯ ಹೆಸರು ತುಂಬಿಸಿದ್ದಾರೆ. ಟೆಂಪ್ಲೇಟ್ ನಮ್ಮ ಕಾಲದ್ದಲ್ಲ ಅಂತಾಯ್ತು. ಅನೂಬಿಸ್ ಅಲ್ಲಿ ತಕ್ಕಡಿ ಹಿಡಿದು ಸತ್ತವನ ಹೃದಯವನ್ನು ಒಂದು ಗರಿಯ ಎದುರು ತೂಗುತ್ತಾನೆ. ಪಕ್ಕದಲ್ಲಿ ಮೊಸಳೆಮುಖದ ಅಮ್ಮಿತ್ ಬಾಯಿ ತೆರೆದು ಕಾಯುತ್ತಾಳೆ.

ಅದೇ ಪುಸ್ತಕದ 17ನೇ ಅಧ್ಯಾಯದಲ್ಲಿ ಒಂದು ಆಟದ ಹೆಸರೂ ಬರುತ್ತದೆ, ಸೆನೆಟ್. ಮೂರು ಸಾಲು, ಹತ್ತು ಕಂಬ, 30 ಮನೆ. ಕವಡೆಯ ಬದಲಿಗೆ ಒಂದು ಕಡೆ ಚಪ್ಪಟೆಯಾದ ಕಡ್ಡಿಗಳನ್ನು ಎಸೆದು ಕಾಯಿ ನಡೆಸುತ್ತಿದ್ದರು. ಟುಟಂಖಾಮನ್‌ನ ಗೋರಿಯಲ್ಲಿ ಇದರ ಮಣೆಗಳು ಸಿಕ್ಕಿವೆ, ರಾಣಿ ನೆಫರ್ಟಾರಿ ಆಡುತ್ತಾ ಕೂತ ಚಿತ್ರ ಅವಳ ಗೋರಿಯ ಗೋಡೆಯ ಮೇಲಿದೆ. ಮೂಲ ನಿಯಮ ಪೂರ್ತಿ ಉಳಿದಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ ನಿಯಮಗಳಿವೆ. ರಟ್ಟಿನ ಮೇಲೆ 30 ಮನೆ ಬರೆದು, ನಾಲ್ಕು ಐಸ್‌ಕ್ರೀಮ್ ಕಡ್ಡಿಗೆ ಒಂದು ಕಡೆ ಬಣ್ಣ ಬಳಿದರೆ ಆಟ ತಯಾರು. ಚೌಕಾಬಾರ ಆಡಿ ಬೆಳೆದವರಿಗೆ ಕೈ ಕೂರಲು ಹೊತ್ತು ಬೇಕಿಲ್ಲ.